ಸಹಿ ಹಾಕುವ ಮುನ್ನ ಹತ್ತು ದಿನ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದರೂ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯುವ ಬಂಧುಗಳ ಅಹವಾಲು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಬಲವಂತದ ರಾಜೀನಾಮೆಯ ವಿಷಯದಲ್ಲಿ ಎರಡೂ ಕಡೆಯ ಕಾನೂನನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಎದ್ದು ಕಾಣುವ ವ್ಯತ್ಯಾಸ ಸಹಿ ಪಡೆಯುವ ಬಗೆಯಲ್ಲಿದೆ ಎಂಬುದು ನನ್ನ ಅನಿಸಿಕೆ.

ಬ್ರಿಟನ್ನಿನಲ್ಲಿ ನೌಕರನಿಗೆ ಹಣ ಕೊಟ್ಟು, ಮುಂದೆ ದಾವೆ ಹೂಡುವುದಿಲ್ಲವೆಂದು ಬರೆಸಿಕೊಳ್ಳಬೇಕಾದರೆ ಆತ ಸ್ವತಂತ್ರ ಸಲಹೆಗಾರರೊಬ್ಬರ ಸಲಹೆ ಪಡೆದಿರಲೇಬೇಕು. ಇಲ್ಲದಿದ್ದರೆ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಆ ಒಪ್ಪಂದ ಅವನ ಶಾಸನಬದ್ಧ ಹಕ್ಕುಗಳನ್ನು ಕಟ್ಟಿಹಾಕಲಾರದು. ಯೋಚಿಸಲು ಕನಿಷ್ಠ ಹತ್ತು ದಿನ ಕೊಡಬೇಕೆಂದು ಉದ್ಯೋಗ ವ್ಯಾಜ್ಯಗಳಲ್ಲಿ ರಾಜಿ ಮಾಡಿಸುವ ಏಕಾಸ್ ಸಂಸ್ಥೆಯ ಸಂಹಿತೆ ಹೇಳುತ್ತದೆ, ವಕೀಲರ ಶುಲ್ಕವನ್ನು ಬಹುಮಟ್ಟಿಗೆ ಕಂಪನಿಯೇ ಭರಿಸುವುದು ರೂಢಿ. ಇಲ್ಲಿಯ ವ್ಯವಸ್ಥೆಯಲ್ಲೂ ಹುಳುಕುಗಳಿವೆ: ರಾಜೀನಾಮೆ ಬಲವಂತದ್ದೆಂದು ರುಜುವಾತು ಮಾಡುವ ಹೊರೆ ನೌಕರನದೇ, ಮತ್ತು ದೂರಿಗೆ ಬಹುಕಾಲದಿಂದ ಇರುವ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಅದನ್ನು ಆರು ತಿಂಗಳಿಗೆ ವಿಸ್ತರಿಸುವ ಕಾಯ್ದೆ 2025ರಲ್ಲಷ್ಟೇ ಬಂತು.

ಬೆಂಗಳೂರಿನಲ್ಲಿ ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನನ್ನ ಹತ್ತಿರದ ಬಂಧುವೊಬ್ಬನನ್ನು ಎಚ್‌ಆರ್‌ನವರು ಮೀಟಿಂಗ್ ರೂಮಿಗೆ ಕರೆದು, 'ವೈಯಕ್ತಿಕ ಕಾರಣಗಳಿಂದ' ಎಂದು ತಾನಾಗಿಯೇ ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಸಿಗುತ್ತದೆ, ಇಲ್ಲವಾದರೆ ವಜಾ ಎಂದರು. ಸಂಜೆಯ ಹೊತ್ತಿಗೆ ಅವನ ಇಮೇಲ್ ಬಂದ್ ಆಗಿತ್ತು. ಆಮೇಲೆ ಬಂದ ಫೈನಲ್ ಸೆಟಲ್‌ಮೆಂಟ್ ಹಾಳೆಯಲ್ಲಿ ನೋಟಿಸ್ ಅವಧಿ ಪೂರೈಸಿಲ್ಲವೆಂದು ಸಂಬಳ ಕಡಿತ, ಜಾಯಿನಿಂಗ್ ಬೋನಸ್ ವಾಪಸಾತಿ, ಕೊನೆಯ ಸಾಲಿನಲ್ಲಿ ಅವನೇ ಕಂಪನಿಗೆ ಕೊಡಬೇಕಾದ ಮೊತ್ತ! ಅಂದೇ ಹೊರಡು ಎಂದವರೇ ನೋಟಿಸ್ ಕೊಟ್ಟಿಲ್ಲವೆಂದು ಲೆಕ್ಕ ಕೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು!

ಹಾಗೆಂದು ಭಾರತದಲ್ಲಿ ಕಾನೂನಿಗೆ ಬರವಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ನೌಕರನನ್ನು ತೆಗೆದುಹಾಕಿದರೂ ಅವನೇ ರಾಜೀನಾಮೆ ಕೊಟ್ಟರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗಷ್ಟೇ ಅನ್ವಯಿಸುತ್ತಿದ್ದ 1936ರ ವೇತನ ಪಾವತಿ ಕಾಯ್ದೆಯ ರಕ್ಷಣೆ ಈಗ ಮ್ಯಾನೇಜರುಗಳಿಗೂ ಇದೆ. ಗ್ರಾಚ್ಯುಟಿಗೆ ಅರ್ಹನಾದವನಿಗೆ ಅದು ಮೂವತ್ತು ದಿನಗಳೊಳಗೆ ಸಲ್ಲಬೇಕು, ನೋಟಿಸ್ ಬಾಕಿಯ ನೆಪದಲ್ಲಿ ಅದನ್ನು ಮುಟ್ಟುವಂತಿಲ್ಲ. ಒತ್ತಾಯದಿಂದ ಪಡೆದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲವೆಂಬ ತತ್ತ್ವ 1872ರ ಕರಾರು ಕಾಯ್ದೆಯಿಂದಲೂ ಇದೆ. ಆದರೆ ಇಂಥ ರಾಜೀನಾಮೆಯನ್ನು ವಜಾ ಎಂದು ಪರಿಗಣಿಸಬೇಕೆಂದು ಕೈಗಾರಿಕಾ ನ್ಯಾಯಾಧಿಕರಣದ ಮೆಟ್ಟಿಲು ಹತ್ತಲು 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರಬೇಕು. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕ ಅದರಿಂದ ಹೊರಗೆ. ಟೀಮ್ ಲೀಡ್ ಎಂಬ ಹೆಸರಿಗೆ ತಕ್ಕ ಮೇಲ್ವಿಚಾರಣೆ ನಿಜಕ್ಕೂ ಇತ್ತೇ ಎಂಬುದರ ಮೇಲೆಯೇ ವರ್ಷಗಟ್ಟಲೆ ವಾದ ನಡೆಯಬಹುದು.

ಇಷ್ಟಿದ್ದೂ ಹೆಚ್ಚಿನವರು ದೂರು ಕೊಡದಿರುವುದಕ್ಕೆ ಕಾರಣ ರಿಲೀವಿಂಗ್ ಲೆಟರ್. ಮುಂದಿನ ಕಂಪನಿ ಮೊದಲು ಕೇಳುವುದೇ ಅದನ್ನು, ಹಾಗಾಗಿ ಬಾಕಿ ಹಣಕ್ಕಿಂತ ಆ ಕಾಗದದ ಬೆಲೆ ದೊಡ್ಡದು. ಬ್ರಿಟನ್ನಿನಲ್ಲಿ ಅಂಥ ಕಾಗದದ ಹಂಗಿಲ್ಲ. ಕೆಲಸ ಬಿಟ್ಟವನಿಗೆ ತೆರಿಗೆ ವಿವರದ ಪಿ45 ಪತ್ರವನ್ನು ಕೊಡುವುದು ಮಾಲೀಕನ ಕಾನೂನುಬದ್ಧ ಹೊಣೆ, ಅದನ್ನು ಇಟ್ಟುಕೊಂಡು ಚೌಕಾಸಿ ಮಾಡುವಂತಿಲ್ಲ. ಕೆಲಸದ ಷರತ್ತುಗಳನ್ನು ನಿಗದಿಪಡಿಸುತ್ತಿದ್ದ ನಮ್ಮ ಹಳೆಯ ಮಾದರಿ ಸ್ಥಾಯಿ ಆದೇಶಗಳಲ್ಲೂ ಕೆಲಸದಿಂದ ಬಿಡುಗಡೆಯಾದ ಕಾಯಂ ಕಾರ್ಮಿಕನಿಗೆ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕಿತ್ತು. ಆ ಸ್ಥಾಯಿ ಆದೇಶಗಳ ಕಾಯ್ದೆಯಿಂದಲೇ ಐಟಿ ವಲಯಕ್ಕೆ ಕರ್ನಾಟಕ ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷಗಳ ವಿನಾಯಿತಿ ಕೊಟ್ಟಿತು. ಹೊಸ ಕಾರ್ಮಿಕ ಸಂಹಿತೆಗಳ ಕಾಲದಲ್ಲಿ ಸರ್ಕಾರ ಈ ವಲಯಕ್ಕೆ ಮತ್ತೆ ಇಂಥ ರಿಯಾಯಿತಿ ನೀಡುವುದಾದರೆ, ಬಾಕಿಯ ತಕರಾರು ಏನೇ ಇರಲಿ ಸೇವಾ ಪ್ರಮಾಣಪತ್ರವನ್ನು ಕೊನೆಯ ಕೆಲಸದ ದಿನವೇ ಕೊಡಬೇಕೆಂಬ ಷರತ್ತನ್ನು ಅದರಲ್ಲಿ ಬರೆಯಬೇಕು.