ಸೆಟಲ್‌ಮೆಂಟ್ ಎಷ್ಟು ಎಂದಲ್ಲ, ಕೈಗೆ ಬರುವುದೆಷ್ಟು ಎಂದು ಕೇಳಿ

ಅಮೆರಿಕದಲ್ಲಿ ಯಾರಿಗಾದರೂ ಕಾರು ಅಪಘಾತವಾಗಿ ಮೊಕದ್ದಮೆ ಹೂಡಿದರೆ ನಮ್ಮ ಕನ್ನಡದ ಬಳಗದಲ್ಲಿ ಮೊದಲು ಓಡಾಡುವ ಮಾತು, "ಸೆಟಲ್‌ಮೆಂಟ್ ಎಷ್ಟು ಬರುತ್ತದಂತೆ?" ನನಗೆ ಈ ಪ್ರಶ್ನೆ ಕೇಳಿದರೇ ರೇಗುತ್ತದೆ. ಆ ಹಣದ ಮೇಲೆ ಯಾರು ಯಾರ ಹಕ್ಕಿದೆ ಎಂದು ತಿಳಿಯದೆ ಅಂಕಿ ಹೇಳಿ ಏನು ಪ್ರಯೋಜನ?

ತಪ್ಪು ಎದುರಿನ ಚಾಲಕನದೇ ಇರಬಹುದು. ಆದರೂ ಆಸ್ಪತ್ರೆಯ ಬಿಲ್ಲನ್ನು ಸದ್ಯಕ್ಕೆ ಕಟ್ಟುವುದು ಸಾಮಾನ್ಯವಾಗಿ ನಿಮ್ಮ ಆರೋಗ್ಯ ವಿಮೆ. ಮುಂದೆ ಪರಿಹಾರ ಬಂದಾಗ, ಕಟ್ಟಿದವರು ತಮ್ಮ ಹಣ ವಾಪಸು ಕೇಳುತ್ತಾರೆ. ಪರಿಹಾರದ ಹಣದ ಮೇಲಿನ ಈ ಹಕ್ಕೇ ಮೆಡಿಕಲ್ ಲೀನ್. ವಕೀಲರ ಪಾಲು, ಸಾಮಾನ್ಯವಾಗಿ ಮೂರನೇ ಒಂದು ಭಾಗ, ಬೇರೆ.

ನಮ್ಮ ಐಟಿ ಮಂದಿ ಹೆಚ್ಚು ಎಚ್ಚರವಾಗಿರಬೇಕು. ಕೈಯಲ್ಲಿರುವ ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರಿದ್ದರೂ, ದೊಡ್ಡ ಕಂಪನಿಗಳಲ್ಲಿ ಬಿಲ್ಲಿನ ಹಣ ಬಹಳ ಸಲ ಕೆಲಸ ಕೊಟ್ಟ ಕಂಪನಿಯದೇ. ಕಂಪನಿಯೇ ಹಣ ಹಾಕುವ ಇಂಥ ಆರೋಗ್ಯ ಯೋಜನೆಗಳು, ಉದ್ಯೋಗಿ ಸೌಲಭ್ಯಗಳಿಗೆ ಸಂಬಂಧಿಸಿದ 1974ರ ಎರಿಸಾ ಎಂಬ ಕೇಂದ್ರ ಕಾನೂನಿನಡಿ ಬರುತ್ತವೆ. ಇಂಥ ವಸೂಲಿಯಿಂದ ಗಾಯಾಳುವನ್ನು ಕಾಪಾಡುವ ರಾಜ್ಯದ ಕಾನೂನು ಅಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಯುಎಸ್ ಏರ್‌ವೇಸ್ ಎಂಬ ವಿಮಾನ ಕಂಪನಿ ತನ್ನ ಉದ್ಯೋಗಿಯ ಮೇಲೆ ಹೂಡಿದ್ದ ಮೊಕದ್ದಮೆಯನ್ನೇ ನೋಡಿ. ಚಿಕಿತ್ಸೆಗೆ ಯೋಜನೆ ಕಟ್ಟಿದ್ದು 66,866 ಡಾಲರ್. ಆತನಿಗೆ ಬಂದ ಒಟ್ಟು ಪರಿಹಾರ 1,10,000. ವಕೀಲರಿಗೆ ಶೇಕಡಾ 40 ಹೋಗಿ ಉಳಿದದ್ದು 66,000. ಕಂಪನಿ ಕೇಳಿದ್ದು ಪೂರ್ತಿ 66,866! ಅಂದರೆ ಗಾಯಗೊಂಡವನು ಮೇಲಿಂದ 866 ಡಾಲರ್ ತಾನೇ ತೆರಬೇಕು. 2013ರಲ್ಲಿ ಸುಪ್ರೀಂ ಕೋರ್ಟ್, ಯೋಜನೆಯ ಪತ್ರದಲ್ಲಿ ಬರೆದದ್ದೇ ಅಂತಿಮ ಎಂದಿತು. ವಕೀಲರ ಖರ್ಚಿನ ಬಗ್ಗೆ ಆ ಪತ್ರ ಬಾಯಿ ಬಿಟ್ಟಿರಲಿಲ್ಲವಾದ್ದರಿಂದ ಮಾತ್ರ ಆ ಖರ್ಚಿನಲ್ಲಿ ಕಂಪನಿಯೂ ಪಾಲು ಹೊರಬೇಕಾಯಿತು. ಈಗ ಅನೇಕ ಯೋಜನೆಗಳು ಆ ಕಿಂಡಿಯನ್ನೂ ಮುಚ್ಚಿಕೊಂಡಿವೆ. ಗಾಯಾಳುವಿನ ನಷ್ಟ ಪೂರ್ತಿ ತುಂಬುವ ಮೊದಲೇ ಕಂಪನಿ ತಟ್ಟೆಗೆ ಕೈ ಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ, ಕಾನೂನು ಏನೇ ಹೇಳಲಿ.

ಆದ್ದರಿಂದ ಯೋಜನೆಯ ಮೂಲ ಪತ್ರವನ್ನು ಲಿಖಿತವಾಗಿ ಕೇಳಿ. ಎಚ್‌ಆರ್‌ನವರು ಕೊಡುವ ಸಾರಾಂಶದ ಪುಸ್ತಿಕೆ ಸಾಲದು. ಮೂವತ್ತು ದಿನದೊಳಗೆ ಕೊಡದಿದ್ದರೆ ಕೋರ್ಟು ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕಬಹುದು.

ಹಿರಿಯರಿಗೆ ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ, ಇದ್ದರೆ ದಾರಿ ಬೇರೆ. ಮೆಡಿಕೇರ್‌ನವರು ವಕೀಲರ ಖರ್ಚನ್ನು ಲೆಕ್ಕ ಹಾಕಿ ತಾವು ವಾಪಸು ಕೇಳುವ ಮೊತ್ತ ಇಳಿಸುತ್ತಾರೆ, ಆದರೆ ಅಂತಿಮ ಬೇಡಿಕೆ ಬಂದ ಅರವತ್ತು ದಿನದೊಳಗೆ ಕಟ್ಟದಿದ್ದರೆ ಬಡ್ಡಿ. ಅದಕ್ಕೂ ಮೊದಲು ಅವರು ಕಳುಹಿಸುವ ಪಾವತಿಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕು. ಪರಿಚಯದ ಹಿರಿಯರೊಬ್ಬರ ಪಟ್ಟಿಯನ್ನು ಅವರ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದ್ದೆ. ಪೆಟ್ಟಾದದ್ದು ಭುಜಕ್ಕೆ. ಎಕ್ಸ್‌ರೇ, ಫಿಸಿಯೋಥೆರಪಿ ಸರಿ, ಅವುಗಳ ನಡುವೆ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ, ಕಣ್ಣಿನ ತಪಾಸಣೆ! ಪಟ್ಟಿಯಲ್ಲಿ ಪ್ರತಿ ರೋಗಕ್ಕೂ ಹಾಕಿದ್ದ ಕೋಡ್‌ಗಳನ್ನು ತೋರಿಸಿ ಆಕ್ಷೇಪಣೆ ಸಲ್ಲಿಸಿದ ಮೇಲೆ ಅವು ಪಟ್ಟಿಯಿಂದ ಹೋದವು. ಕೇಳದಿದ್ದರೆ ಆ ಬಾಬ್ತೂ ಅವರ ಪರಿಹಾರದಿಂದಲೇ ಮುರಿಯುತ್ತಿತ್ತು.

ಒಪ್ಪಂದಕ್ಕೆ ಸಹಿ ಹಾಕುವಾಗ ಇನ್ನೊಂದು ಸಾಲನ್ನು ಹುಡುಕಿ: ಎಲ್ಲ ಲೀನ್‌ಗಳ ಹೊಣೆ ನನ್ನದು, ಎದುರಿನ ವಿಮಾ ಕಂಪನಿಗೆ ಸಂಬಂಧವಿಲ್ಲ ಎಂಬರ್ಥದ ಮಾತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಲೀನ್ ಇಳಿಸುವ ಚೌಕಾಸಿ ವಕೀಲರ ಫೀಸಿನೊಳಗೇ ಸೇರಿದೆಯೋ, ಬೇರೆ ಶುಲ್ಕವೋ ಎಂದೂ ಮೊದಲೇ ಕೇಳಿ.

ಚೆಕ್ ಬಂದರೂ ವಕೀಲರು ಹಣ ಬಿಡುತ್ತಿಲ್ಲ ಎಂದು ಕೆಲವರು ಗೊಣಗುತ್ತಾರೆ. ಲೀನ್ ತೀರುವ ತನಕ ಅವರು ಅದನ್ನು ಟ್ರಸ್ಟ್ ಖಾತೆಯಲ್ಲಿ, ಅಂದರೆ ಕಕ್ಷಿದಾರರ ಹಣಕ್ಕೆಂದೇ ಇರುವ ಪ್ರತ್ಯೇಕ ಖಾತೆಯಲ್ಲಿ, ಇಟ್ಟುಕೊಂಡರೆ ನಾನು ವಕೀಲರ ಪರ. ಆದರೆ ತಕರಾರು ಇರುವ ಮೊತ್ತವನ್ನಷ್ಟೇ ತಡೆಹಿಡಿದು, ತಕರಾರಿಲ್ಲದ ಉಳಿದ ಭಾಗವನ್ನು ಈಗಲೇ ಕೊಡಿ ಎಂದು ಇಮೇಲ್‌ನಲ್ಲಿ ಕೇಳುವುದಕ್ಕೆ ಯಾವ ಸಂಕೋಚವೂ ಬೇಡ.