ಗಾಳಕ್ಕೆ ಮೊದಲು ಸಿಕ್ಕುವುದು ಮರ

ಸುಳ್ಳು ಹುಳು ಬೀಸಿ ಮೀನು ಹಿಡಿಯುವುದಕ್ಕೆ ಫ್ಲೈ ಫಿಶಿಂಗ್ ಅನ್ನುತ್ತಾರೆ. ಅದನ್ನು ಮಾಡುವವರ ಗಾಳಕ್ಕೆ ಅತಿ ಹೆಚ್ಚು ಸಿಕ್ಕುವುದು ಟ್ರೌಟ್ ಮೀನಲ್ಲ. ಮರ. ಎರಡನೇ ಸ್ಥಾನ ಮುಳ್ಳುಪೊದೆಗೆ. ಮೂರನೇ ಸ್ಥಾನಕ್ಕೆ ಸ್ವಂತ ಟೋಪಿ, ಸ್ವಂತ ಅಂಗಿ ಮತ್ತು ಪಕ್ಕದಲ್ಲಿ ನಿಂತ ಗೆಳೆಯನ ನಡುವೆ ಪೈಪೋಟಿ ಇದೆ. ಮೀನಿನ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ, ಅದೂ ಮೀನಿಗೆ ಮನಸ್ಸಿದ್ದರೆ.

ಇದರಲ್ಲಿ ಮರದ ತಪ್ಪೇನೂ ಇಲ್ಲ. ಮಾಮೂಲಿ ಗಾಳದ ತುದಿಗೆ ಭಾರ ಕಟ್ಟಿರುತ್ತಾರೆ. ಎಸೆದರೆ ಅದೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಎಲ್ಲ ಉಲ್ಟಾ. ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ಮಾಡಿದ ಸುಳ್ಳು ಹುಳುವಿಗೆ ತೂಕ ಇಲ್ಲವೇ ಇಲ್ಲ ಅನ್ನಬಹುದು. ಭಾರ ಇರುವುದು ದಪ್ಪನೆಯ ಲೈನಿಗೆ. ಆ ಲೈನನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಬೇಕು. ಅದು ಗಾಳಿಯಲ್ಲಿ ನೆಟ್ಟಗೆ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಬೇಕು. ಅಂದರೆ ಮುಂದೆ ಎಷ್ಟು ಜಾಗ ಬೇಕೋ ಹಿಂದೆಯೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಮನುಷ್ಯನಿಗೆ ಹಿಂದೆ ಕಣ್ಣಿಲ್ಲ. ಟ್ರೌಟ್ ಇರುವ ತಣ್ಣೀರಿನ ನದಿಗಳ ದಡದಲ್ಲಿ ಮರಗಳಿಗೆ ಬರವಿಲ್ಲ.

ಹಾಗಂತ ಕೊಂಬೆ ಕಡಿಯುವ ಮಾತೆತ್ತುವ ಹಾಗಿಲ್ಲ. ನೆರಳು ಕೊಟ್ಟು ನೀರನ್ನು ತಂಪಾಗಿ ಇಡುವುದೇ ಆ ಮರ. ದಡದ ಮಣ್ಣು ಕುಸಿಯದಂತೆ ಹಿಡಿದಿರುವುದು ಅದರ ಬೇರು. ಕೊಂಬೆಯಿಂದ ನೀರಿಗೆ ಉದುರುವ ಇರುವೆ, ಜೀರುಂಡೆಗಳು ಟ್ರೌಟಿಗೆ ಪುಕ್ಕಟೆ ಊಟ. ಇಡೀ ಸಂಜೆ ಕೂತು ಕಟ್ಟಿದ ಹುಳು ಮೇಲಿನ ಕೊಂಬೆಯಲ್ಲಿ ನೇತಾಡುತ್ತಿದ್ದರೂ ಮರಕ್ಕೆ ಮೆಲ್ಲಗೆ ಬೈಯಬೇಕು, ಅಷ್ಟೇ. ದಾರ ಕಿತ್ತು ಅಲ್ಲೇ ಬಿಟ್ಟು ಹೋಗುವಂತೆಯೂ ಇಲ್ಲ. ನೈಲಾನ್ ದಾರ ಬೇಗ ಕೊಳೆಯುವ ವಸ್ತುವಲ್ಲ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರು ಯಾರು? ದಾರದಲ್ಲಿ ಸಿಕ್ಕಿಸುವ ಪುಟಾಣಿ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದವು ಅಂತಲೇ ಇಂಗ್ಲೆಂಡಿನಲ್ಲಿ 1987ರಲ್ಲಿ ಅವನ್ನು ನಿಷೇಧಿಸಿದರು. ಹಾಗಾಗಿ ಮೀನು ಹಿಡಿಯಲು ಹೋದವರು ಮರ ಹತ್ತುವುದನ್ನು ಕಂಡರೆ ನಗಬೇಡಿ. ಅವರು ನದಿ ಕಾಯುತ್ತಿದ್ದಾರೆ.

ಈ ಹುಚ್ಚು ಹೊಸದೇನಲ್ಲ. ಮೆಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಮತ್ತು ಹುಂಜದ ಗರಿ ಸುತ್ತಿ ನದಿಯಲ್ಲಿ ಮೀನು ಹಿಡಿಯುತ್ತಿದ್ದರು ಅಂತ ರೋಮನ್ನರ ಕಾಲದಲ್ಲೇ, ಸುಮಾರು 1800 ವರ್ಷಗಳ ಹಿಂದೆ, ಬರೆದಿಟ್ಟಿದ್ದಾರೆ. ಅವರ ಕೋಲು 6 ಅಡಿ, ದಾರವೂ 6 ಅಡಿ. ಬೆನ್ನ ಹಿಂದೆ ಬೀಸುವ ರಗಳೆ ಅವರಿಗೆ ಇದ್ದಿರಲಾರದು. ಬುದ್ಧಿವಂತರು.

ಇನ್ನು ನೀರಿಗಿಳಿಯುವ ವೇಷ. ಎದೆಯ ತನಕ ಬರುವ, ನೀರು ಒಳಗೆ ಬಿಡದ ಪ್ಯಾಂಟಿಗೆ ವೇಡರ್ಸ್ ಅನ್ನುತ್ತಾರೆ. ಅದರ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಬೇಕು, ಯಾಕೆಂದರೆ ಜಾರಿ ಬಿದ್ದರೆ ಮೇಲಿನಿಂದ ನುಗ್ಗಿದ ನೀರು ಕಾಲಿನವರೆಗೆ ಇಳಿಯಬಾರದು. ಬೆಲ್ಟಿನ ಮೇಲೆ ಜಾಕೆಟ್, ಜಾಕೆಟಿನ ಮೇಲೆ ಹತ್ತಾರು ಜೇಬಿನ ವೆಸ್ಟ್, ಬೆನ್ನಿಗೆ ಬಲೆ, ಕೈಗೆ ಊರುಗೋಲು, ಇನ್ನೊಂದು ಕೈಗೆ ರಾಡ್, ಅಂದರೆ ಗಾಳದ ಕೋಲು. ಇಷ್ಟೂ ಏರಿಸಿಕೊಂಡು ನೀರಿನ ನಡುವೆ ಹೋಗಿ ನಿಂತ ಐದೇ ನಿಮಿಷಕ್ಕೆ ಹೊಟ್ಟೆಯೊಳಗಿನ ಕಾಫಿ ಹೊರಗೆ ಹೋಗಬೇಕು ಅನ್ನುತ್ತದೆ. ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಜಿಪ್ ಇರುವ ವೇಡರ್ಸ್ ಕಂಡುಹಿಡಿದವರಿಗೆ ಯಾರೂ ಯಾಕೆ ಪ್ರತಿಮೆ ಕಟ್ಟಿಲ್ಲವೋ ಗೊತ್ತಿಲ್ಲ.

ನನ್ನ ಜೊತೆ ಬರುವ ಗೆಳೆಯನೊಬ್ಬನಿದ್ದಾನೆ. ಹೆಸರು ಬೇಡ. ಮೀನಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ, ಹಿಡಿಯುವುದೊಂದನ್ನು ಬಿಟ್ಟು. "ಟ್ರೌಟ್ ಯಾವಾಗಲೂ ಹೊಳೆ ಬರೋ ಕಡೆಗೇ ಮುಖ ಮಾಡಿ ನಿಂತಿರುತ್ತೆ ಕಣೋ. ಊಟ ಆ ಕಡೆಯಿಂದಲೇ ತೇಲಿ ಬರೋದು" ಅಂತ ಶುರು ಮಾಡುತ್ತಾನೆ. ನಿಜವೇ. ಅದಕ್ಕೇ ಮೀನಿನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮತ್ತೆ, ನೀರೊಳಗಿನ ಮೀನಿಗೆ ಹೊರಗಿನ ಪ್ರಪಂಚ ಕಾಣುವುದು ತಲೆಯ ಮೇಲಿನ ದುಂಡನೆ ಕಿಟಕಿಯೊಂದರಲ್ಲಿ. ಅದರ ಅಗಲ ಸುಮಾರು 97 ಡಿಗ್ರಿ. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ ದಡದಲ್ಲಿ ನಿಂತವನೂ ಆ ಕಿಟಕಿಯ ಅಂಚಿನಲ್ಲಿ ಎಲ್ಲೋ ಕುಗ್ಗಿ ಕಾಣಿಸುತ್ತಾನೆ. ಬಗ್ಗಿದಷ್ಟೂ ಮರೆಯಾಗುತ್ತಾನೆ. ಹೀಗಾಗಿ ದೊಡ್ಡ ದೊಡ್ಡ ಮನುಷ್ಯರು, ಮನೆಯಲ್ಲಿ ಬಿದ್ದ ಪೆನ್ನು ಎತ್ತಲು ಸೊಂಟ ನೋವು ಅನ್ನುವವರು, ಇಲ್ಲಿ ಹುಲ್ಲಿನಲ್ಲಿ ಅಂಬೆಗಾಲಿಡುತ್ತಿರುತ್ತಾರೆ. ನಮ್ಮವನೂ ಅಂಬೆಗಾಲಿಟ್ಟ. ಮೀನಿಗೆ ಕಾಣಿಸಲಿಲ್ಲ. ಮೇಯುತ್ತಿದ್ದ ದನಕ್ಕೆ ಕಾಣಿಸಿತು. ಅದು ಕುತೂಹಲದಿಂದ ಹತ್ತಿರ ಬಂದು ನೋಡಿತು. ಅವನು ಎದ್ದು ಓಡಿದ. ಮೀನುಗಳೂ ಓಡಿದವು.

ಅದೇ ಗೆಳೆಯ ಬೀಸಿದ ಹುಳು ಒಮ್ಮೆ ನನ್ನ ಕಿವಿಗೆ ಬಂದು ಕೂತಿತು. ಕೂತಿತು ಅನ್ನುವುದು ಮರ್ಯಾದೆಯ ಮಾತು. ಪುಣ್ಯಕ್ಕೆ ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದ. ಬಂದ ದಾರಿಯಲ್ಲೇ ಸಲೀಸಾಗಿ ಹೊರಗೆ ಬಂತು. ಹಿಂಮುಳ್ಳು ಇಲ್ಲದ ಕೊಕ್ಕೆ ಮೀನಿಗೆ ಒಳ್ಳೆಯದು, ಬಿಡಿಸುವಾಗ ಬಾಯಿ ಹರಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕಿವಿಗೂ ಒಳ್ಳೆಯದು ಅನ್ನುವುದನ್ನು ಯಾರಾದರೂ ಸೇರಿಸಬೇಕು.

ನದಿಯ ಮೇಲೆ ನಡೆದುಕೊಳ್ಳುವ ರೀತಿ ಅಂತ ಒಂದಿದೆ. ಎಲ್ಲೂ ಬೋರ್ಡ್ ಹಾಕಿರುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರ ಮುಖದಲ್ಲೂ ಬೋರ್ಡ್ ಕಾಣಿಸುತ್ತದೆ. ಮೊದಲು ಬಂದವನ ನೀರು ಅವನದು. ಅವನು ಮೇಲಕ್ಕೆ ಹೋಗುತ್ತಿದ್ದರೆ ಅವನ ಮುಂದೆ ಇಳಿಯಬಾರದು, ಕೆಳಕ್ಕೆ ಬರುತ್ತಿದ್ದರೆ ಅವನ ಕೆಳಗೆ ಇಳಿಯಬಾರದು. ದಾಟಿ ಹೋಗಬೇಕೆಂದರೆ ದಡದಿಂದ ದೂರ ಸುತ್ತಿ ಹೋಗಬೇಕು. ನೆಲದ ಅದುರು ನೀರಿಗಿಳಿಯುತ್ತದೆ, ಮೀನಿನ ಮೈಯ ಎರಡೂ ಪಕ್ಕದಲ್ಲಿರುವ ಗೆರೆ ಅದನ್ನು ಗುರುತಿಸುತ್ತದೆ. ಎಲ್ಲಕ್ಕಿಂತ ಗೊಂದಲದ್ದು ಇದು: ಯಾರಾದರೂ ರಾಡನ್ನು ಪಕ್ಕಕ್ಕಿಟ್ಟು ದಡದಲ್ಲಿ ಸುಮ್ನೆ ಕೂತಿದ್ದರೆ ಜಾಗ ಖಾಲಿ ಇದೆ ಅಂತ ಅರ್ಥವಲ್ಲ. ಅವರು ಗಾಬರಿಯಾದ ಮೀನುಗಳು ಮತ್ತೆ ಮೇಯಲು ಬರಲಿ ಅಂತ ನೀರಿಗೆ ವಿಶ್ರಾಂತಿ ಕೊಡುತ್ತಿರುತ್ತಾರೆ. ಕೂತಿರುವುದೂ ಮೀನು ಹಿಡಿಯುವುದರ ಭಾಗವೇ. ನನ್ನನ್ನು ಕೇಳಿದರೆ ಅದರಲ್ಲೇ ಹೆಚ್ಚು ಜನ ಪರಿಣತರು.

ಹೀಗೆ ಕೂತಿದ್ದ ಹಿರಿಯರೊಬ್ಬರನ್ನು ನೋಡಿದ್ದೆ. ಎದುರಿನ ಮಡುವಿನಲ್ಲಿ ಒಂದು ಒಳ್ಳೆ ಟ್ರೌಟ್ ಬಿಟ್ಟು ಬಿಟ್ಟು ಮೇಲೆದ್ದು ಹುಳು ತಿನ್ನುತ್ತಿತ್ತು. ಅವರು ಕಾಯುತ್ತಿದ್ದರು. ನಾನು ಆ ಕಡೆಯ ಬೇಲಿಯ ಹತ್ತಿರ ನಿಂತು ಅವರು ಹೇಗೆ ಹಿಡಿಯುತ್ತಾರೆ ಅಂತ ಕಾಯುತ್ತಿದ್ದೆ. ಅಷ್ಟರಲ್ಲಿ ಬಂದ ಒಬ್ಬ ಮಹಾಶಯ. ಮೈಮೇಲಿನದ್ದೆಲ್ಲ ಹೊಸದು, ಒಂದೆರಡು ಕಡೆ ಬೆಲೆಚೀಟಿಯೂ ಇದ್ದಿರಬೇಕು. ಸೀದಾ ಬಂದು ಆ ಮಡುವಿಗೇ ದಬದಬ ಇಳಿದ. ಸೊಂಟದ ಮಟ್ಟಕ್ಕೆ ನೀರು ಬಂದ ಮೇಲೆ ತಿರುಗಿ ನೋಡಿ ಬಹಳ ವಿಶ್ವಾಸದಿಂದ ಕೇಳಿದ:

"ಇಲ್ಲಿ ಮೀನಿದ್ಯಾ ಸಾರ್?"

"ಇತ್ತು" ಅಂದರು ಹಿರಿಯರು.

ಬೇರೇನೂ ಹೇಳಲಿಲ್ಲ. ರಾಡ್ ಎತ್ತಿಕೊಂಡು ಹೊರಟರು. ಅವನು ಆ ಮಡುವಿನಲ್ಲೇ ಬಹಳ ಹೊತ್ತು ಬೀಸಿದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನದಿಯ ಮೇಲೆ "ನಾನು ಎಲ್ಲಿ ಇಳೀಲಿ?" ಅಂತ ಒಂದು ಮಾತು ಕೇಳಿದರೆ ಜನ ಕರಗಿ ಹೋಗುತ್ತಾರೆ. ತಮ್ಮ ಜಾಗ ಬಿಟ್ಟುಕೊಡುತ್ತಾರೆ, ಎರಡು ಹುಳು ಕೈಗಿಡುತ್ತಾರೆ, ಬೇಡವೆಂದರೂ ಅರ್ಧ ಗಂಟೆ ಪಾಠ ಮಾಡುತ್ತಾರೆ.

ಅತಿಗೆ ಹೋದವರೂ ಇದ್ದಾರೆ. ಇಂಗ್ಲೆಂಡಿನ ಟೆಸ್ಟ್, ಇಚೆನ್ ನದಿಗಳ ಕಡೆ ಒಂದು ಕಾಲದಲ್ಲಿ ಹುಳು ನೀರಿನ ಮೇಲೆ ತೇಲಲೇಬೇಕು, ಮುಳುಗಿದರೆ ಅದು ಸಭ್ಯರ ಕೆಲಸವಲ್ಲ ಅನ್ನುವ ಪಂಥವಿತ್ತು. ಹಾಲ್ಫೋರ್ಡ್ ಅದರ ಗುರು. ಸ್ಕ್ಯೂಸ್ ಅನ್ನುವ ವಕೀಲರು, ಮೀನು ತಿನ್ನುವುದು ಹೆಚ್ಚಾಗಿ ನೀರಿನ ಒಳಗೇ ಇರುವಾಗ ಒಳಗೇ ಬಿಟ್ಟರೆ ತಪ್ಪೇನು ಅಂದರು. ಜಗಳ ದಶಕಗಟ್ಟಲೆ ನಡೆಯಿತು. ಹಾಲ್ಫೋರ್ಡ್ 1914ರಲ್ಲೇ ತೀರಿಕೊಂಡರು, ಜಗಳ ತೀರಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಚರ್ಚೆಗೇ ಕೂತರು. ಸ್ಕ್ಯೂಸ್‌ಗೆ ಆಗ ಎಂಬತ್ತರ ಹತ್ತಿರ ವಯಸ್ಸು. ಟ್ರೌಟುಗಳನ್ನು ಯಾರೂ ಕರೆದಿರಲಿಲ್ಲ.

ಹಿಡಿದ ಮೀನನ್ನು ವಾಪಸ್ ಬಿಡುವುದಿದೆಯಲ್ಲ, ಅದಕ್ಕೆ ಹಿಡಿಯುವುದಕ್ಕಿಂತ ಜಾಸ್ತಿ ಶಿಸ್ತು ಬೇಕು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಅದು ಅದರ ರಕ್ಷಾಕವಚ. ನೀರಿನಿಂದ ಎತ್ತಿದರೆ ಹತ್ತು ಸೆಕೆಂಡಿನೊಳಗೆ ಮತ್ತೆ ನೀರಿಗೆ. ಫೋಟೋ ತೆಗೆಯುವವರಿಗೆ ಇದು ಅರ್ಥವೇ ಆಗುವುದಿಲ್ಲ. ನಮ್ಮ ಗೆಳೆಯ ಫೋಟೋಗ್ರಾಫರ್ ಆಗಿದ್ದಾಗ ನಡೆದ ಸಂಭಾಷಣೆ:

"ಸ್ವಲ್ಪ ಮುಖ ಈ ಕಡೆ ಮಾಡು."

"ನಂದಾ, ಮೀನಿಂದಾ?"

"ಇಬ್ಬರದ್ದೂ."

ಮೀನು ಅಷ್ಟರಲ್ಲಿ ತನ್ನ ನಿರ್ಧಾರ ತಾನೇ ತೆಗೆದುಕೊಂಡಿತ್ತು. ಫೋಟೋದಲ್ಲಿ ಬಂದದ್ದು ನನ್ನ ಎರಡು ಖಾಲಿ ಕೈ, ತೆರೆದ ಬಾಯಿ ಮತ್ತು ಒಂದಿಷ್ಟು ನೀರು. ಒಳ್ಳೆಯದೇ ಆಯಿತು. ಜಾಗದ ಗುರುತು ಯಾರಿಗೂ ಸಿಗಲಿಲ್ಲ. ಪುಟ್ಟ ಹೊಳೆಯ ಫೋಟೋ ಒಂದು ಹರಿದಾಡಿದರೆ ಸಾಕು, ಮುಂದಿನ ವಾರ ದಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಕೆಲವು ದಿನ ಹಿಡಿಯದೇ ಬರಬೇಕಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 20 ಡಿಗ್ರಿಯಲ್ಲಿ ಅದು 9ರ ಆಸುಪಾಸು. ಅಂಥ ನೀರಿನಲ್ಲಿ ಎಳೆದಾಡಿ ದಣಿಸಿದ ಟ್ರೌಟ್ ಈಜಿ ಹೋದರೂ ಮುಂದೆ ಹೋಗಿ ಸಾಯಬಹುದು. ಅದಕ್ಕೇ ಜೇಬಿನಲ್ಲಿ ಥರ್ಮಾಮೀಟರ್. 20 ದಾಟಿದರೆ ರಾಡ್ ಬಿಚ್ಚಿ ಒಳಗಿಡುವುದು. ನಸುಕಿಗೇ ಎದ್ದು ಅಷ್ಟು ದೂರ ಹೋಗಿ, ನದಿಗೆ ಜ್ವರ ನೋಡಿ, ವಾಪಸ್ ಬರುವವರ ಬಗ್ಗೆ ಮನೆಯವರು ಏನಂದುಕೊಳ್ಳಬೇಕು?

ನಮ್ಮ ದೊಡ್ಡಮ್ಮ ಅಂದುಕೊಳ್ಳುವುದಿಲ್ಲ, ಹೇಳಿಯೇ ಬಿಡುತ್ತಾರೆ.

"ಮೀನು ಸಿಕ್ತೇನೋ?"

"ಸಿಕ್ತು ದೊಡ್ಡಮ್ಮ."

"ಎಲ್ಲಿ?"

"ಬಿಟ್ಟೆ."

"ಬಿಡೋದಕ್ಕೆ ಹಿಡಿದ್ಯಾ? ಅದು ಮೊದಲೇ ಅಲ್ಲೇ ಇತ್ತಲ್ಲೋ!"

ಇದಕ್ಕೆ ಈವರೆಗೆ ಯಾರೂ ಒಳ್ಳೆಯ ಉತ್ತರ ಕೊಟ್ಟಿಲ್ಲ. ಅಮೆರಿಕದ ಮಿಷಿಗನ್ನಿನ ಕಥೆಯನ್ನು ಹೇಳಿ ನೋಡಿದೆ. ಅಲ್ಲಿ ಓ ಸಾಬಲ್ ನದಿಯ ದಡದಲ್ಲಿ ಗ್ರೇಲಿಂಗ್ ಅನ್ನುವ ಊರಿದೆ. ಆ ನದಿಯಲ್ಲಿ ತುಂಬಿದ್ದ ಗ್ರೇಲಿಂಗ್ ಮೀನಿನಿಂದ ಬಂದ ಹೆಸರು. ಜನ ಲೆಕ್ಕವಿಲ್ಲದೆ ಹಿಡಿದರು, ಕಡಿದ ಮರದ ದಿಮ್ಮಿಗಳನ್ನು ನದಿಯಲ್ಲೇ ತೇಲಿಸಿ ಮೊಟ್ಟೆಯಿಡುವ ತಳವನ್ನು ಉಜ್ಜಿ ಹಾಕಿದರು, ಹೊರಗಿನಿಂದ ಟ್ರೌಟ್ ತಂದು ಬಿಟ್ಟರು. 1930ರ ದಶಕದ ಹೊತ್ತಿಗೆ ಮೀನು ಕಾಣೆಯಾಯಿತು, ಊರಿನ ಹೆಸರು ಉಳಿಯಿತು. ಟ್ರೌಟ್ ನೀರನ್ನು ಕಾಯುವ ಟ್ರೌಟ್ ಅನ್‌ಲಿಮಿಟೆಡ್ ಸಂಘ 1959ರಲ್ಲಿ ಹುಟ್ಟಿದ್ದು ಅದೇ ನದಿಯ ದಡದಲ್ಲಿ, ಮೀನು ಹಿಡಿಯುವವರಿಂದಲೇ. ದೊಡ್ಡಮ್ಮ ಪೂರ್ತಿ ಕೇಳಿ, "ಹೂಂ, ಕಳ್ಳರೇ ಕಾವಲಿಗೆ ಕೂತರು ಅನ್ನು" ಅಂದರು. ಅಷ್ಟೇನೂ ತಪ್ಪಿಲ್ಲ.

ಮೊಟ್ಟೆಯಿಡುವ ತಳ ಅಂದೆನಲ್ಲ, ಅದು ಬರಿಗಣ್ಣಿಗೇ ಕಾಣುತ್ತದೆ. ಹೆಣ್ಣು ಟ್ರೌಟ್ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ಮಾಡಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಪಾಚಿ ತೊಳೆದುಹೋದ ಆ ಜಾಗ ಸುತ್ತಲಿಗಿಂತ ಬೆಳ್ಳಗಿರುತ್ತದೆ. ಕಂದು ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಿಂದ ಚಳಿ ಶುರುವಾಗುವವರೆಗೆ, ರೇನ್‌ಬೋ ಟ್ರೌಟ್ ಸಾಮಾನ್ಯವಾಗಿ ವಸಂತದಲ್ಲಿ. ಕಾಲಿಡಲು ಅಷ್ಟು ಚೊಕ್ಕ, ಮಟ್ಟಸವಾದ ಜಾಗ ನದಿಯಲ್ಲಿ ಬೇರೆ ಇರುವುದಿಲ್ಲ. ಅದಕ್ಕೇ ಜನ ಅಲ್ಲೇ ನಿಲ್ಲುತ್ತಾರೆ. ಮೊಟ್ಟೆ ತುಳಿಯಬಾರದು ಅಂತ ನಾವು ಪಕ್ಕದ ಜಾರುಬಂಡೆಯ ಮೇಲೆ ನಿಂತು ಬೀಳುತ್ತೇವೆ.

ಕೊನೆಯದು ಬೂಟಿನ ವಿಷಯ. ಡಿಡಿಮೊ ಅನ್ನುವ ಪಾಚಿ ಒಂದು ಹನಿ ನೀರಿನಲ್ಲಿ ಕೂತು ನದಿಯಿಂದ ನದಿಗೆ ಹೋಗುತ್ತದೆ. ಬೆಳೆದರೆ ತಳಕ್ಕೆಲ್ಲ ಕಂಬಳಿ ಹೊದೆಸುತ್ತದೆ. 2004ರಲ್ಲಿ ಅದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸಿಕ್ಕಿತು. ಜಾರದಿರಲಿ ಅಂತ ಬೂಟಿಗೆ ಹಾಕುವ, ಒತ್ತಿದ ಉಣ್ಣೆಯಂಥ ಫೆಲ್ಟ್ ಅಟ್ಟೆ ಬೇಗ ಒಣಗುವುದಿಲ್ಲ ಅಂತ 2008ರಲ್ಲಿ ಅದನ್ನೇ ನಿಷೇಧಿಸಿದರು. ಬೇರೆ ನೀರಿಗೆ ಇಳಿಯುವ ಮೊದಲು ನೋಡು, ತೊಳೆ, ಒಣಗಿಸು ಅನ್ನುವುದು ಅಲ್ಲಿನ ಮಂತ್ರ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಇನ್ನೂ 48 ಗಂಟೆ ಬಿಡಬೇಕು. ಪುರುಸೊತ್ತಿಲ್ಲದವರು ಪೂರ್ತಿ ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿ ಇಡಬಹುದು.

ನನಗೆ ಪುರುಸೊತ್ತಿರಲಿಲ್ಲ. ಬೂಟು ತೊಳೆದು, ಕವರಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿಗೆ ಇಟ್ಟಿದ್ದೆ. ಐಸ್ ತೆಗೆಯಲು ಹೋದ ದೊಡ್ಡಮ್ಮನ ಕೈಗೆ ಉದ್ದನೆಯ, ಭಾರವಾದ, ತಣ್ಣನೆಯ ಪೊಟ್ಟಣ ಸಿಕ್ಕಿತು. ಕೊನೆಗೂ ಹುಡುಗ ಒಂದು ತಂದ ಅಂತ ಖುಷಿಯಾಗಿ ಅಕ್ಕಪಕ್ಕದ ಮನೆಯವರನ್ನೂ ಕರೆದುಬಿಟ್ಟರು. ಕವರು ಬಿಚ್ಚಿದಾಗ ನಾನು ಮನೆಯಲ್ಲಿರಲಿಲ್ಲ. ಆಮೇಲೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ:

"ಇದನ್ನೂ ವಾಪಸ್ ಬಿಟ್ಟು ಬರ್ತೀಯೇನೋ?"