ಕ್ಯಾಮೆರಾ ಮುಖದ ಕಡೆಗಲ್ಲ, ಕೈಗಳ ಕಡೆಗೆ ಇರಲಿ

2002ರಲ್ಲಿ ಜಿಲೆಟ್ ಕಂಪನಿ ಭಾರತದ ಮಾರುಕಟ್ಟೆಗೆ ಒಂದು ರೇಜರ್ ತಂದಿತು. ಮೊದಲು ಬಳಸಿ ನೋಡಿ ಅಂತ ಅದನ್ನು ಕೊಟ್ಟಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತೀಯ ಹುಡುಗರಿಗೆ. ಅವರು ಚೆನ್ನಾಗಿದೆ ಅಂದರು. ಭಾರತದಲ್ಲಿ ಜನ ಹಾಗನ್ನಲಿಲ್ಲ. ಬ್ಲೇಡಿನಲ್ಲಿ ಸಿಕ್ಕ ಕೂದಲನ್ನು ಹೊರಗೆ ತಳ್ಳಲು ಅದರಲ್ಲೊಂದು ಪಟ್ಟಿ ಇತ್ತು. ಹರಿಯುವ ನಲ್ಲಿ ನೀರಿದ್ದರೆ ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ಮಗ್ಗಿನಲ್ಲಿ ನೀರಿಟ್ಟುಕೊಂಡು ಶೇವ್ ಮಾಡಿಕೊಂಡರೆ ಬ್ಲೇಡಿನಲ್ಲೇ ಕೂದಲು ಕಟ್ಟಿಕೊಳ್ಳುತ್ತಿತ್ತು.

ಆಮೇಲೆ ಕಂಪನಿಯವರು ಭಾರತಕ್ಕೇ ಬಂದರು. ಮನೆಗಳಲ್ಲಿ, ಅಂಗಡಿಗಳಲ್ಲಿ 1,000ಕ್ಕೂ ಜಾಸ್ತಿ ಜನರ ಜೊತೆ 3,000 ಗಂಟೆ ಕಳೆದರು. 2010ರಲ್ಲಿ ಬಂದ ಜಿಲೆಟ್ ಗಾರ್ಡ್ ಅದರ ಫಲ. ಒಂದೇ ಬ್ಲೇಡು, ಬೇಗ ತೊಳೆಯಬಹುದು. ಆಗ ರೇಜರಿಗೆ 15 ರೂಪಾಯಿ, ಬ್ಲೇಡಿಗೆ 5 ಇತ್ತು.

ನಾನು ಇಂಗ್ಲೆಂಡಿನಲ್ಲಿದ್ದೇನೆ. ಜನ ಏನು ಕೊಳ್ಳುತ್ತಾರೆ, ಹೇಗೆ ಬಳಸುತ್ತಾರೆ ಅಂತ ವಿಡಿಯೊ ಮಾಡಿ ತಿಳಿದುಕೊಳ್ಳುವುದೇ ನನ್ನ ಕೆಲಸ. ಮೀಟಿಂಗುಗಳಲ್ಲಿ ಯಾರಾದರೂ ನನ್ನ ಕಡೆ ತಿರುಗಿ, ‘ನಿಮ್ಮ ಕಡೆ ಇದನ್ನು ಹೇಗೆ ಮಾಡುತ್ತಾರೆ?’ ಅಂತ ಕೇಳುತ್ತಾರೆ. ಆಗೆಲ್ಲ ಎಂಐಟಿಯ ಆ ಹುಡುಗರು ನೆನಪಾಗುತ್ತಾರೆ. ಅವರು ಸುಳ್ಳು ಹೇಳಿರಲಿಲ್ಲ. ಅವರ ಬಚ್ಚಲಿನಲ್ಲಿ ನಲ್ಲಿ ಇತ್ತು, ಅಷ್ಟೆ. ಊರು ಬಿಟ್ಟವರ ಮಾತನ್ನು ಊರಿನವರ ಮಾತು ಅಂತ ತೆಗೆದುಕೊಳ್ಳಬಾರದು. ಹೋಗಿ ನೋಡಬೇಕು.

ಆದರೆ ನೋಡುವ ರೀತಿಯಲ್ಲೂ ವ್ಯತ್ಯಾಸವಿದೆ. ಇಲ್ಲಿ ಈಗ ಹೆಚ್ಚಾಗಿ ಜನ ತಮ್ಮ ವಿಡಿಯೊ ತಾವೇ ಮಾಡಿ ಕಳಿಸುತ್ತಾರೆ. ಆ್ಯಪಿನಲ್ಲಿ ಪ್ರಶ್ನೆ ಬರುತ್ತದೆ. ರೆಸ್ಪಾಂಡೆಂಟ್ (ನಮ್ಮ ಪ್ರಶ್ನೆಗೆ ಉತ್ತರಿಸುವವರು) ಮೊಬೈಲನ್ನು ಕೆಟಲಿಗೆ ಒರಗಿಸಿ ಉತ್ತರ ಹೇಳುತ್ತಾರೆ. ಅಪರಿಚಿತರು ಮನೆಯೊಳಗೆ ಬರುವ ಮುಜುಗರ ಇಲ್ಲ. ಯಾವಾಗ, ಎಷ್ಟು ತೋರಿಸಬೇಕು ಅನ್ನುವುದು ಅವರದೇ ಆಯ್ಕೆ. ಇದು ನನಗೆ ಇಷ್ಟ. ಕೊರತೆ ಏನೆಂದರೆ, ವಿಡಿಯೊ ತುಂಬಾ ಬರೀ ಮುಖ. ಹೇಗೆ ಅಡುಗೆ ಮಾಡುತ್ತೇನೆ ಅಂತ ಚೆನ್ನಾಗಿ ವಿವರಿಸುತ್ತಾರೆ, ಆದರೆ ಅಡುಗೆ ಮಾಡುವ ಕೈ ಫ್ರೇಮಿನ ಹೊರಗಿರುತ್ತದೆ.

ಕರ್ನಾಟಕದಲ್ಲಿ ಹೋಮ್ ವಿಸಿಟ್, ಅಂದರೆ ಮನೆಗೇ ಹೋಗಿ ನೋಡುವುದು, ಇನ್ನೂ ಜೀವಂತ. ತುಮಕೂರಿನ ಒಂದು ಮನೆಗೆ ಬಟ್ಟೆ ಒಗೆಯುವ ಪುಡಿಯ ಕೆಲಸಕ್ಕೆ ಹೋಗಿದ್ದೆವು. ಮನೆಯಾಕೆ ಒಳ್ಳೆ ಸೀರೆ ಉಟ್ಟು ಸೋಫಾ ಮೇಲೆ ಕೂತಿದ್ದರು. ಮೆಷಿನ್ ಬಂದ ಮೇಲೆ ಕೈಯಲ್ಲಿ ಒಗೆಯುವುದೇ ಇಲ್ಲ ಅಂದರು. ‘ಒಂದು ಸಲ ಹಾಕಿ ತೋರಿಸ್ತೀರಾ ಅಕ್ಕಾ?’ ಅಂತ ಕೇಳಿದೆ. ಹಿತ್ತಲಿಗೆ ಹೋದರು. ಅಂಗಿಗಳ ಕಾಲರ್, ತೋಳಿನ ತುದಿ, ಮಕ್ಕಳ ಸಾಕ್ಸು, ಎಲ್ಲಕ್ಕೂ ಬಾರ್ ಸೋಪು ಹಚ್ಚಿ ಕಲ್ಲಿನ ಮೇಲೆ ಉಜ್ಜಿದರು. ಆಮೇಲೆ ಮೆಷಿನ್ನಿಗೆ ಹಾಕಿದರು. ಅವರ ಮಟ್ಟಿಗೆ ಅದು ಒಗೆಯುವುದಲ್ಲ, ಒಗೆಯುವ ಮುಂಚಿನ ಕೆಲಸ. ಸೋಫಾ ಮೇಲೆ ಎಷ್ಟು ಹೊತ್ತು ಮಾತಾಡಿಸಿದ್ದರೂ ಆ ಸೋಪು ಹೊರಗೆ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಅತ್ತೆ ಬಂದು, ‘ಆ ಪುಡಿ ಕೈ ಉರಿಸುತ್ತೆ ಕಣಮ್ಮಾ, ಅದನ್ನೂ ಹೇಳು’ ಅಂದರು. ಗಂಡ ಬಂದು ಪುಡಿಯ ರೇಟು ತಿದ್ದಿದರು. ಇಂಗ್ಲೆಂಡಿನ ಪದ್ಧತಿಯಲ್ಲಿ ಇದೆಲ್ಲ ಅಡ್ಡಿ. ಒಬ್ಬರನ್ನು ಕರೆದರೆ ಒಬ್ಬರದೇ ಉತ್ತರ ಬೇಕು, ಉಳಿದವರನ್ನು ಆಚೆ ಕಳಿಸಬೇಕು. ನಾನು ಒಪ್ಪುವುದಿಲ್ಲ. ಆ ಮನೆಯಲ್ಲಿ ಪುಡಿ ಬಳಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ಬೇಡ ಅನ್ನುವವರು ಮತ್ತೊಬ್ಬರು. ಮೂರೂ ಜನ ಫ್ರೇಮಿನಲ್ಲಿದ್ದಾಗಲೇ ಕೊಳ್ಳುವ ವಿಷಯ ಅರ್ಥವಾಗುವುದು, ಅಲ್ವಾ? ಅತ್ತೆಯ ಎದುರು ಸೊಸೆ ಬಾಯಿಬಿಡದ ಮಾತುಗಳು ಇರುತ್ತವೆ, ನಿಜ. ಅದಕ್ಕೆ ಬೇಕಾದರೆ ಆಮೇಲೆ ಇಲ್ಲಿನ ಹಾಗೆ ಮೊಬೈಲಿನಲ್ಲಿ ಒಬ್ಬರೇ ಮಾತಾಡಿ ಕಳಿಸಲಿ.

ನೋಡುವುದರಲ್ಲಿ ನಮ್ಮೂರಿನ ರೀತಿಯೇ ಮೇಲು ಅನ್ನುತ್ತೇನೆ. ನೋಡಿದ್ದನ್ನು ಇಟ್ಟುಕೊಳ್ಳುವುದರಲ್ಲಿ ಮಾತ್ರ ನಾವು ಇಂಗ್ಲೆಂಡಿನಿಂದ ಕಲಿಯಬೇಕು. 2018ರಿಂದ ಇಲ್ಲಿ ವೈಯಕ್ತಿಕ ಮಾಹಿತಿ ಕಾಪಾಡುವ ಜಿಡಿಪಿಆರ್ ನಿಯಮ ಗಟ್ಟಿಯಾಗಿ ಕೂತಿದೆ. ಮುಖ, ದನಿ ಎರಡೂ ಆ ಮನುಷ್ಯರ ವೈಯಕ್ತಿಕ ಮಾಹಿತಿ. ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಮೊದಲೇ ತಿಳಿಸಬೇಕು. ಒಪ್ಪಿಗೆ ಕೊಟ್ಟವರು ಆಮೇಲೆ ಬೇಡ ಅಂತಲೂ ಹೇಳಬಹುದು.

ನಮ್ಮಲ್ಲಿ ಎಷ್ಟೋ ಸಲ ಇಂಗ್ಲಿಷ್ ಫಾರಂ ಮುಂದಿಟ್ಟು ‘ಇಲ್ಲೊಂದು ಸೈನ್ ಹಾಕಿ’ ಅಂದರೆ ಮುಗಿಯಿತು. ಮನೆಗೆ ಬಂದವರು ಅನ್ನುವ ನಂಬಿಕೆಯಿಂದ ಸೈನ್ ಹಾಕುತ್ತಾರೆ. ಅವರ ಮೂರು ಗಂಟೆಯ ಮಾತನ್ನು ಮೂರು ನಿಮಿಷಕ್ಕೆ ಇಳಿಸಿ, ಅವರು ಯಾವತ್ತೂ ಕಾಣದ ಊರಿನ ಮೀಟಿಂಗಿನಲ್ಲಿ ತೋರಿಸುತ್ತಾರೆ. ಅಂಥ ಒಂದು ಮೀಟಿಂಗಿನಲ್ಲಿ ಒಬ್ಬ ಹೆಂಗಸು ಖಾಲಿ ಶಾಂಪೂ ಬಾಟಲಿಗೆ ನೀರು ಹಾಕಿ ಕುಲುಕುವುದನ್ನು ನೋಡಿ ಜನ ನಕ್ಕರು. ನನಗೆ ಸಿಟ್ಟು ಬಂತು. ದುಡ್ಡಿನ ಬೆಲೆ ಗೊತ್ತಿರುವ ಮನೆಯ ಲೆಕ್ಕಾಚಾರ ಅದು. ಅಷ್ಟು ಚೂರು ಮಾತ್ರ ಕತ್ತರಿಸಿದ್ದಕ್ಕೆ ನಗು ಬಂತು. ಬಾಟಲಿ ತಿಂಗಳ ಕೊನೆತನಕ ಬರಬೇಕು ಅಂತ ಆಕೆ ಹೇಳಿದ್ದು ಎಡಿಟಿಂಗಿನಲ್ಲಿ ಹೋಗಿತ್ತು.

ಭಾರತದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಆಯಿತು, 2025ರ ನವೆಂಬರಿನಲ್ಲಿ ನಿಯಮಗಳೂ ಬಂದವು. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಅಂತಲೂ ಇದೆ. ಎಲ್ಲಾ ಪೂರ್ತಿ ಜಾರಿಯಾಗಲಿ ಅಂತ ಯಾಕೆ ಕಾಯಬೇಕು? ಕನ್ನಡದ ಫಾರಂ ಇವತ್ತೇ ಅಚ್ಚು ಹಾಕಿಸಬಹುದು. ಓದಲು ಬಾರದವರಿಗೆ ಪ್ರಶ್ನೆ ಕೇಳಲು ಹೋದ ಮಾಡರೇಟರ್ ಅದನ್ನು ಓದಿ ಹೇಳಲಿ, ‘ಆಗಲಿ’ ಅಂದಿದ್ದೂ ರೆಕಾರ್ಡ್ ಆಗಲಿ. ಕ್ಲೈಂಟಿಗೆ ಕಳಿಸುವ ಮೊದಲು ಆ ಮೂರು ನಿಮಿಷದ ಕ್ಲಿಪ್ಪನ್ನು ಆ ಮನೆಯ ಮೊಬೈಲಿಗೆ ಕಳಿಸಿ, ಬೇಡ ಅಂದ ಭಾಗವನ್ನು ಕತ್ತರಿಸಿ. ಇದಕ್ಕೆ ಬೇಕಾಗುವ ಒಂದೆರಡು ದಿನವನ್ನು ಪ್ರಾಜೆಕ್ಟಿನ ಬಜೆಟ್ಟಿನಲ್ಲೇ ಬರೆಯಿರಿ. ಇನ್ನು ಮುಂದೆ ಕರ್ನಾಟಕದ ಕೆಲಸ ಕೊಡುವ ಪ್ರತಿ ಕ್ಲೈಂಟಿನ ಹತ್ತಿರವೂ ನಾನು ಈ ದಿನಗಳನ್ನು ಕೇಳುತ್ತೇನೆ.